ಹತ್ತು ಹಲ್ಲಿಗೂ ವೆನೀರ್ ಬೇಕೆ?

ಪ್ರಶ್ನೆ: ನನಗೆ 27 ವರ್ಷ. ಉಡುಪಿಯಲ್ಲಿ ಬ್ಯಾಂಕ್ ಉದ್ಯೋಗದಲ್ಲಿದ್ದೇನೆ. ಹುಟ್ಟಿ ಬೆಳೆದದ್ದು ತುಮಕೂರು ಜಿಲ್ಲೆಯ ಪಾವಗಡದ ಹತ್ತಿರದ ಹಳ್ಳಿಯಲ್ಲಿ. ಹೈಸ್ಕೂಲ್ ಮುಗಿಯುವವರೆಗೂ ಕುಡಿದದ್ದು ಕೊಳವೆಬಾವಿಯ ನೀರು. ಮೇಲಿನ ಮುಂಭಾಗದ ಹಲ್ಲುಗಳ ಮೇಲೆ ಬಿಳಿ ಮಚ್ಚೆಗಳಿವೆ, ನಡುವಿನ ಎರಡು ಹಲ್ಲುಗಳ ಮೇಲೆ ಕಂದು ಪಟ್ಟೆಯಿದೆ, ಅವೆರಡರ ನಡುವೆ ಸಣ್ಣ ಸಂದೂ ಇದೆ. ನೋವಿಲ್ಲ, ಹುಳುಕಿಲ್ಲ. ಆದರೆ ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಇನ್ನು ನಾಲ್ಕು ತಿಂಗಳಿಗೆ ನನ್ನ ಮದುವೆ. ಮಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಮೇಲಿನ ಹತ್ತು ಹಲ್ಲುಗಳಿಗೆ ಸಿರಾಮಿಕ್ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಸಿಪ್ಪೆ) ಹಾಕಿದರೆ ಎರಡೇ ಭೇಟಿಯಲ್ಲಿ ಎಲ್ಲ ಸರಿಯಾಗುತ್ತದೆ, ಮತ್ತೆ ಜೀವನಪೂರ್ತಿ ನೋಡಬೇಕಾಗಿಲ್ಲ ಎಂದರು. ಒಟ್ಟು 1,40,000 ರೂಪಾಯಿ. ಮುಂಗಡ ಕೊಟ್ಟು ಬಂದಿದ್ದೇನೆ. ಮಾಡಿಸಿಕೊಳ್ಳಬಹುದೆ? ಈ ಕಲೆ ಮುಂದೆ ನನ್ನ ಮಕ್ಕಳಿಗೂ ಬರುತ್ತದೆಯೆ?

ಉತ್ತರ: ನೇರವಾಗಿಯೇ ಹೇಳುತ್ತೇನೆ. ಹತ್ತು ಹಲ್ಲುಗಳಿಗೆ ಒಟ್ಟಿಗೆ ವೆನೀರ್ ಹಾಕಿಸುವ ತೀರ್ಮಾನವನ್ನು ಸದ್ಯಕ್ಕೆ ಬದಿಗಿಡಿ. ನೀವು ವಿವರಿಸಿದ ಮಟ್ಟದ ಕಲೆಗೆ ಹಲ್ಲನ್ನು ಕೊರೆಯದೆ, ಅಥವಾ ತೀರಾ ಅತ್ಯಲ್ಪವಾಗಿ ಮಾತ್ರ ಸವೆಸಿ, ಮಾಡಬಹುದಾದ ಚಿಕಿತ್ಸೆಗಳಿವೆ. ಅವುಗಳನ್ನು ಕ್ರಮವಾಗಿ ಮಾಡಿದ ಮೇಲೂ ಉಳಿಯುವ ಕಲೆ ನಿಮ್ಮನ್ನು ಕಾಡಿದರೆ ಆಗ ಎರಡೋ ನಾಲ್ಕೋ ಹಲ್ಲುಗಳಿಗೆ ವೆನೀರ್ ಯೋಚಿಸಬಹುದು. ವೆನೀರ್ ಕೆಟ್ಟ ಚಿಕಿತ್ಸೆ ಎಂದು ನಾನು ಹೇಳುತ್ತಿಲ್ಲ. ಸರಿಯಾದ ಹಲ್ಲಿಗೆ, ಸರಿಯಾದ ಕೈಯಿಂದ ಆದಾಗ ಅದರಷ್ಟು ಚೆಂದದ ಫಲ ಕೊಡುವ ಚಿಕಿತ್ಸೆ ದಂತವೈದ್ಯದಲ್ಲಿ ಹೆಚ್ಚಿಲ್ಲ. ಆದರೆ ಅದು ಸರದಿಯ ಕೊನೆಯಲ್ಲಿ ಬರಬೇಕಾದದ್ದು. ನಿಮಗೆ ಅದನ್ನು ಮೊದಲಲ್ಲೇ ಕೊಡಲಾಗಿದೆ.

ಅದಕ್ಕೂ ಮೊದಲು ಒಂದು ಮಾತು. ಹಲ್ಲಿನ ಕಲೆಯ ಬಗ್ಗೆ ಕೊರಗುವವರಿಗೆ ಮನೆಯವರು, ಕೆಲವೊಮ್ಮೆ ವೈದ್ಯರೂ, ‘ನೋವಿಲ್ಲವಲ್ಲ, ಸುಮ್ಮನಿರು’ ಎಂದು ಹೇಳಿ ಕಳಿಸುತ್ತಾರೆ. ಬಾಯಿಗೆ ಕೈ ಅಡ್ಡ ಹಿಡಿದೇ ನಗಲು ಕಲಿತವರ ಸಂಕಟ ಸಣ್ಣದಲ್ಲ. ಕೌಂಟರಿನಲ್ಲಿ ದಿನವಿಡೀ ಜನರೊಂದಿಗೆ ಮಾತನಾಡಬೇಕಾದ ನಿಮಗೆ ಅದು ಇನ್ನೂ ಹೆಚ್ಚು. ನಿಮ್ಮ ಕಲೆಗೆ ಚಿಕಿತ್ಸೆ ಬೇಕು ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ. ಯಾವ ಚಿಕಿತ್ಸೆ, ಎಷ್ಟು ಹಲ್ಲಿಗೆ ಎಂಬುದಷ್ಟೇ ಪ್ರಶ್ನೆ.

ನೀವು ಬರೆದ ಲಕ್ಷಣಗಳು ಡೆಂಟಲ್ ಫ್ಲೋರೋಸಿಸ್‌ನದ್ದು. ಪಾವಗಡ ಸೀಮೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ದವಡೆಯೊಳಗೆ ಹಲ್ಲು ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಹೊರಕವಚವಾದ ಎನಾಮಲ್ ಪೂರ್ಣವಾಗಿ ಗಟ್ಟಿಯಾಗದೆ, ಮೇಲ್ಪದರದ ಕೆಳಗೆ ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ. ಬಿಳಿ ಮಚ್ಚೆ ಎಂದರೆ ಆ ರಂಧ್ರಗಳಲ್ಲಿ ಬೆಳಕು ಚದುರಿ ಕಾಣುವ ಬಣ್ಣ. ಕಂದು ಪಟ್ಟೆಯಾದರೋ ಹಲ್ಲು ಹುಟ್ಟುವಾಗ ಇದ್ದದ್ದಲ್ಲ. ಹಲ್ಲು ಹೊರಬಂದ ಮೇಲೆ ಆಹಾರ, ಪಾನೀಯಗಳ ಬಣ್ಣ ಆ ರಂಧ್ರಗಳಿಗೆ ಇಳಿದು ಆದದ್ದು. ಈ ವ್ಯತ್ಯಾಸ ಚಿಕಿತ್ಸೆಯಲ್ಲಿ ಬಹಳ ಮುಖ್ಯವಾಗುತ್ತದೆ, ಏಕೆಂದರೆ ಒಳಗೆ ಇಳಿದ ಬಣ್ಣವನ್ನು ಬಹುಮಟ್ಟಿಗೆ ಹೊರತೆಗೆಯಲು ಸಾಧ್ಯ.

ಮಕ್ಕಳ ಬಗ್ಗೆ ನಿಶ್ಚಿಂತೆಯಿಂದಿರಿ. ಫ್ಲೋರೋಸಿಸ್ ತಾಯಿಯಿಂದ ಮಗುವಿಗೆ ಬರುವ ಕಾಯಿಲೆಯಲ್ಲ. ಮಗು ಏನು ಕುಡಿಯುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಕರಾವಳಿಯ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಮಗು ರಜೆಗೆಂದು ಅಜ್ಜಿಯ ಮನೆಗೆ ಹೋಗಿ ಬಂದರೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಅಲ್ಲಿಯೇ ಬೆಳೆಯುವುದಾದರೆ ಮಾತ್ರ ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನೀರನ್ನು ಕೊಡಿ. ಸುಮಾರು ಎಂಟು ವರ್ಷ ದಾಟಿದ ಮೇಲೆ ಮುಂಭಾಗದ ಹಲ್ಲುಗಳಿಗೆ ಈ ಅಪಾಯವಿಲ್ಲ, ಅಷ್ಟರಲ್ಲಿ ಅವುಗಳ ಎನಾಮಲ್ ರೂಪುಗೊಂಡು ಮುಗಿದಿರುತ್ತದೆ.

ಈಗ ಎನಾಮಲ್ ವಿಷಯ. ನಿಮ್ಮ ಇಡೀ ತೀರ್ಮಾನ ಇದರ ಸುತ್ತಲೇ ನಡೆಯಬೇಕು. ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತು ಎನಾಮಲ್. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ, ಎನಾಮಲ್ ಹೋದರೆ ಮರಳಿ ಬರುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವಾಗಲೇ ಇಲ್ಲವಾಗಿರುತ್ತವೆ. ಮೇಲಿನ ನಡುಬಾಚಿ ಹಲ್ಲಿನ ತುಟಿಯ ಕಡೆಯ ಮೈಯಲ್ಲಿ ಇದರ ದಪ್ಪ ತುದಿಯ ಬಳಿ ಸುಮಾರು 1 ಮಿ.ಮೀ. ಇದ್ದರೆ ವಸಡಿನ ಬಳಿ 0.3ರಿಂದ 0.5 ಮಿ.ಮೀ. ಮಾತ್ರ. ಸಿರಾಮಿಕ್ ವೆನೀರ್‌ನ ದಪ್ಪ ಸಾಮಾನ್ಯವಾಗಿ 0.3ರಿಂದ 0.7 ಮಿ.ಮೀ. ಆ ಸಿಪ್ಪೆ ಕೂರಲು ಜಾಗ ಬೇಕಲ್ಲವೆ? ಅಷ್ಟನ್ನು ಹಲ್ಲಿನಿಂದ ಸವೆಸಿ ಮಾಡಿಕೊಳ್ಳುತ್ತಾರೆ. ಕಂದು ಪಟ್ಟೆ ಗಾಢವಾಗಿದ್ದಷ್ಟೂ ಅದನ್ನು ಮರೆಮಾಡಲು ಹೆಚ್ಚು ದಪ್ಪದ, ಹೆಚ್ಚು ಅಪಾರದರ್ಶಕ ಸಿರಾಮಿಕ್ ಬೇಕು, ಅಂದರೆ ಇನ್ನಷ್ಟು ಸವೆಸಬೇಕು. ವಸಡಿನ ಬಳಿ ಅರ್ಧ ಮಿ.ಮೀ. ಸವೆಸಿದರೆ ಅನೇಕರಲ್ಲಿ ಎನಾಮಲ್ ಮುಗಿದು ಒಳಗಿನ ಡೆಂಟಿನ್ ಕಾಣಿಸಿಕೊಳ್ಳುತ್ತದೆ. ಜುಮ್ಮೆನ್ನುವುದು ಆಗ ಶುರುವಾಗುತ್ತದೆ. ಅಂಟಿನ ಬಲವೂ ಕುಂದುತ್ತದೆ.

ಅಂಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ವೆನೀರ್‌ನ ಆಯುಷ್ಯ ನಿಂತಿರುವುದೇ ಅದರ ಮೇಲೆ. 1920ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಅವರು ಹಾಲಿವುಡ್ ನಟರಿಗೆ ಹಲ್ಲಿನ ಮೇಲೆ ತೆಳುವಾದ ಮುಖವಾಡವನ್ನು ಕೂರಿಸಿಕೊಡುತ್ತಿದ್ದರು. ಚಿತ್ರೀಕರಣ ಮುಗಿದ ಮೇಲೆ ಅದನ್ನು ತೆಗೆದಿಡಬೇಕಾಗುತ್ತಿತ್ತು, ಹಿಡಿದುಕೊಳ್ಳುವ ಅಂಟೇ ಇರಲಿಲ್ಲ. 1955ರಲ್ಲಿ ಮೈಕೇಲ್ ಬ್ಯುನಕೋರ್ ಅವರು ಎನಾಮಲ್‌ಗೆ ಆಮ್ಲ ಸವರಿದರೆ ಅದರ ಮೇಲ್ಮೈಯಲ್ಲಿ ರೆಸಿನ್ (ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ಅಂಟು ದ್ರವ) ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. 1980ರ ದಶಕದ ಆರಂಭದಲ್ಲಿ ಸಿರಾಮಿಕ್‌ನ ಒಳಮೈಯನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಒರಟುಗೊಳಿಸಿ ಅಂಟಿಸುವ ವಿಧಾನ ಬಂದ ಮೇಲೆಯೇ ಇಂದಿನ ಬಾಳಿಕೆಯ ವೆನೀರ್ ಸಾಧ್ಯವಾದದ್ದು. ಈ ಎಲ್ಲ ಬಲವೂ ಎನಾಮಲ್ ಉಳಿದಿರುವ ಕಡೆಗೇ ಸಲ್ಲುತ್ತದೆ. ಡೆಂಟಿನ್ ತೇವವಾಗಿರುವ ಅಂಗಾಂಶ. ಅದರ ಮೇಲಿನ ಅಂಟು ವರ್ಷಗಳು ಕಳೆದಂತೆ ಸಡಿಲವಾಗುತ್ತ ಹೋಗುತ್ತದೆ. ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಫ್ಲೋರೋಸಿಸ್ ಆದ ಎನಾಮಲ್‌ನ ಹೊರಮೈ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಅದರ ಕೆಳಗಿನ ಪದರ ರಂಧ್ರಮಯ. ಆದ್ದರಿಂದ ಅಂಟಿಸುವ ಕ್ರಮವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುವುದು ಗೊತ್ತಿರುವ ವೈದ್ಯರೇ ಬೇಕು.

‘ಜೀವನಪೂರ್ತಿ ನೋಡಬೇಕಾಗಿಲ್ಲ’ ಎಂಬ ಮಾತನ್ನು ಒಪ್ಪಲಾಗದು. ಚೆನ್ನಾಗಿ ಆಯ್ದ ಹಲ್ಲುಗಳಲ್ಲಿ, ಎನಾಮಲ್ ಮೇಲೆ ಅಂಟಿಸಿದ ಸಿರಾಮಿಕ್ ವೆನೀರ್‌ಗಳಲ್ಲಿ ಹತ್ತು ವರ್ಷದ ಬಳಿಕವೂ ನೂರಕ್ಕೆ ಸುಮಾರು ತೊಂಬತ್ತು ಉಳಿದಿರುತ್ತವೆ ಎಂದು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ; ಇದು ಒಳ್ಳೆಯ ಫಲಿತಾಂಶವೇ. ಆದರೆ ಹತ್ತು ಹಲ್ಲಿಗೆ ಹಾಕಿಸಿಕೊಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕು: ಆ ಅವಧಿಯಲ್ಲಿ ಒಂದಾದರೂ ಬಿರುಕು ಬಿಡುವ, ಎದ್ದು ಬರುವ, ಅಂಚಿನಲ್ಲಿ ಕಲೆ ಹಿಡಿಯುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕಾಗುತ್ತದೆ. ನಿಮಗೀಗ 27. ಒಂದು ಸೆಟ್ ಹದಿನೈದು ವರ್ಷ ಬಾಳಿತೆಂದೇ ಇಟ್ಟುಕೊಂಡರೂ ಎಪ್ಪತ್ತರೊಳಗೆ ಎರಡು ಬಾರಿ ಬದಲಿಸಬೇಕು, ಮತ್ತು ಪ್ರತಿ ಬಾರಿ ಹಳೆಯದನ್ನು ಸವೆಸಿ ತೆಗೆಯುವಾಗ ಹಲ್ಲೂ ಸ್ವಲ್ಪ ಹೋಗುತ್ತದೆ. ಎರಡನೆಯ ಸಲವೋ ಮೂರನೆಯ ಸಲವೋ ವೆನೀರ್‌ಗೆ ಸಾಕಷ್ಟು ಎನಾಮಲ್ ಉಳಿಯದೆ ಇಡೀ ಹಲ್ಲನ್ನು ಮುಚ್ಚುವ ಕ್ಯಾಪ್ ಹಾಕಬೇಕಾಗಿ ಬರಬಹುದು. ಇಂದು ನಿಮ್ಮ ಮುಂದಿರುವ 1,40,000 ರೂಪಾಯಿ ಮೊದಲ ಕಂತು ಮಾತ್ರ. ಆ ಕಂತು ಕಟ್ಟಲೇಬೇಕಾದ ಹಲ್ಲುಗಳು ಇರುತ್ತವೆ, ನಿಮ್ಮ ಕೋರೆಹಲ್ಲಿನ ಹಿಂದಿನ ಎರಡು ಚಿಕ್ಕ ದವಡೆಹಲ್ಲುಗಳು ಖಂಡಿತ ಅಂಥವಲ್ಲ. ಹತ್ತು ಎಂಬ ಸಂಖ್ಯೆ ಬಂದದ್ದು ನಗುವಾಗ ಕಾಣುವ ಹಲ್ಲುಗಳನ್ನು ಎಣಿಸಿ. ಎಷ್ಟು ಹಲ್ಲಿಗೆ ತೊಂದರೆಯಿದೆ ಎಂಬ ಎಣಿಕೆ ಬೇರೆ.

ಇನ್ನೊಂದು ಎಚ್ಚರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವೆನೀರ್ ಎಂಬ ಹೆಸರಿನಲ್ಲಿ ಕೆಲವು ಕಡೆ ಮಾಡುವುದು ನಿಜಕ್ಕೂ ಪೂರ್ಣ ಕ್ಯಾಪ್. ವೆನೀರ್ ಹಲ್ಲಿನ ಮುಂಭಾಗವನ್ನು, ಹೆಚ್ಚೆಂದರೆ ತುದಿಯನ್ನು ಮುಚ್ಚುತ್ತದೆ. ಕ್ಯಾಪ್‌ಗೆ ಹಲ್ಲನ್ನು ಸುತ್ತಲೂ ಕೆತ್ತಬೇಕು. 2002ರಲ್ಲಿ ಪ್ರಕಟವಾದ, ಇಂದಿಗೂ ಉಲ್ಲೇಖಗೊಳ್ಳುವ ಒಂದು ಪ್ರಯೋಗಾಲಯ ಅಧ್ಯಯನದಲ್ಲಿ ಮುಂಭಾಗದ ಹಲ್ಲುಗಳನ್ನು ತೂಗಿ ನೋಡಿದಾಗ, ವೆನೀರ್‌ಗೆ ಹಲ್ಲಿನ ಕಾಣುವ ಭಾಗದ ಶೇ. 3ರಿಂದ 30ರಷ್ಟು ಹೋದರೆ ಕ್ಯಾಪ್‌ಗೆ ಶೇ. 63ರಿಂದ 72ರಷ್ಟು ಹೋಗಿತ್ತು. ಅಷ್ಟು ಕೆತ್ತಿಸಿಕೊಂಡ ಆರೋಗ್ಯವಂತ ಹಲ್ಲುಗಳಲ್ಲಿ ಕೆಲವಕ್ಕೆ ಮುಂದೆ ನರ ಸತ್ತು ರೂಟ್ ಕೆನಾಲ್ ಬೇಕಾಗುತ್ತದೆ. ಆದ್ದರಿಂದ ‘ನನ್ನ ಹಲ್ಲನ್ನು ಯಾವ ಕಡೆಯಿಂದ, ಎಷ್ಟು ಸವೆಸುತ್ತೀರಿ? ಅಂಚು ಎನಾಮಲ್ ಮೇಲೆಯೇ ನಿಲ್ಲುತ್ತದೆಯೆ?’ ಎಂದು ಕೇಳಿ. ಸರಿಯಾಗಿ ಕೆಲಸ ಮಾಡುವ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ, ಚಿತ್ರ ಬರೆದು ತೋರಿಸುತ್ತಾರೆ. ಏನೂ ಸವೆಸದ, ಕಾಂಟ್ಯಾಕ್ಟ್ ಲೆನ್ಸಿನಷ್ಟು ತೆಳುವಾದ ವೆನೀರ್ ಎಂಬ ಜಾಹೀರಾತನ್ನೂ ನೀವು ನೋಡಿರಬಹುದು. ಚಿಕ್ಕದಾಗಿರುವ ಅಥವಾ ಒಳಕ್ಕೆ ಬಾಗಿರುವ ಹಲ್ಲಿಗೆ ಅದು ಹೊಂದುತ್ತದೆ. ಕಂದು ಪಟ್ಟೆಯ ಮೇಲೆ ಅಷ್ಟು ತೆಳುವಾದದ್ದನ್ನು ಇಟ್ಟರೆ ಪಟ್ಟೆ ಅದರ ಮೂಲಕವೇ ಕಾಣುತ್ತದೆ.

ಹಾಗಾದರೆ ನೀವು ಏನು ಮಾಡಬೇಕು? ಮೊದಲು ಒಂದು ಸರಿಯಾದ ಪರೀಕ್ಷೆ: ಎಕ್ಸ್-ರೇ, ವಸಡಿನ ಸ್ಥಿತಿ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಹೇಗೆ ತಾಗುತ್ತದೆ ಎಂಬುದು, ರಾತ್ರಿ ಹಲ್ಲು ಕಡಿಯುವ ಅಭ್ಯಾಸದ ಗುರುತುಗಳು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿದ್ದರೆ ಕ್ಲೀನಿಂಗ್ ಮಾಡಿಸಿ ಅದು ನಿಲ್ಲುವವರೆಗೆ ಬೇರೆ ಯಾವುದಕ್ಕೂ ಕೈ ಹಾಕಬಾರದು. ರಕ್ತ ಜಿನುಗುವ ವಸಡಿನ ಪಕ್ಕದಲ್ಲಿ ಯಾವ ಅಂಟೂ ಸರಿಯಾಗಿ ಕೂರುವುದಿಲ್ಲ.

ಕಂದು ಪಟ್ಟೆಗೆ ಮೊದಲ ಮದ್ದು ಮೈಕ್ರೋಅಬ್ರೇಶನ್. ವಸಡಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟಿ, ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನುಣ್ಣನೆಯ ಒರಟು ಪುಡಿ ಕೂಡಿದ ಲೇಪವನ್ನು ಹಲ್ಲಿನ ಮೇಲೆ ಮೆಲ್ಲಗೆ ಉಜ್ಜುತ್ತಾರೆ. ಹೋಗುವ ಎನಾಮಲ್ 0.1 ಮಿ.ಮೀ. ಆಸುಪಾಸು. ಮೇಲ್ಪದರದಲ್ಲೇ ಇರುವ ಪಟ್ಟೆಯಾದರೆ ಕುಳಿತಲ್ಲೇ ಅದು ಮಸುಕಾಗುವುದು ಕನ್ನಡಿಯಲ್ಲಿ ಕಾಣುತ್ತದೆ. ಅದರ ನಂತರ ಮನೆಯಲ್ಲಿ ಮಾಡುವ ಬ್ಲೀಚಿಂಗ್: ನಿಮ್ಮ ಹಲ್ಲಿನ ಅಚ್ಚಿನಿಂದ ಮಾಡಿದ ತೆಳು ಟ್ರೇಯಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಧರಿಸಿ ಮಲಗುವುದು. ಮಾಮೂಲಿ ಹಳದಿಗೆ ಎರಡು ಮೂರು ವಾರ ಸಾಕು, ಫ್ಲೋರೋಸಿಸ್‌ನ ಕಂದಿಗೆ ಆರೇಳು ವಾರವೂ ಬೇಕಾಗಬಹುದು. ನಡುವೆ ಕೆಲವು ದಿನ ಹಲ್ಲು ಜುಮ್ಮೆನ್ನುತ್ತದೆ. ಒಂದೆರಡು ರಾತ್ರಿ ಬಿಟ್ಟು ಮುಂದುವರಿಸಿದರೆ ಸರಿಹೋಗುತ್ತದೆ. ಮೊದಲ ವಾರಗಳಲ್ಲಿ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಂಡು ನೀವು ಗಾಬರಿಯಾಗಬಹುದು. ಸುತ್ತಲಿನ ಹಲ್ಲೂ ಬೆಳ್ಳಗಾಗುತ್ತ ಬಂದಂತೆ ಆ ವ್ಯತ್ಯಾಸ ಕಡಿಮೆಯಾಗುತ್ತದೆ. ಗರ್ಭಿಣಿಯರಿಗೆ, ಎದೆಹಾಲುಣಿಸುವವರಿಗೆ ಬ್ಲೀಚಿಂಗ್ ಮಾಡುವುದಿಲ್ಲವಾದ್ದರಿಂದ ಮದುವೆಗೆ ಮೊದಲಿನ ಈ ತಿಂಗಳುಗಳು ಅದಕ್ಕೆ ಒಳ್ಳೆಯ ಕಾಲವೇ. ಲಿಂಬೆಹುಳಿ, ಉಮಿಯ ಮಸಿ, ಇದ್ದಿಲ ಪುಡಿಗಳಿಂದ ಉಜ್ಜಿ ಈ ಕೆಲಸವನ್ನು ಮನೆಯಲ್ಲೇ ಮಾಡಲು ದಯವಿಟ್ಟು ಹೋಗಬೇಡಿ. ಅವು ಕಲೆಯನ್ನು ಬಿಟ್ಟು ಎನಾಮಲ್ ಅನ್ನೇ ತಿನ್ನುತ್ತವೆ.

ಉಳಿದ ಬಿಳಿ ಮಚ್ಚೆಗಳಿಗೆ ರೆಸಿನ್ ಇನ್‌ಫಿಲ್ಟ್ರೇಶನ್ ಎಂಬ ವಿಧಾನವಿದೆ, ನನಗೆ ಬಹಳ ಮೆಚ್ಚುಗೆಯಾದದ್ದು. ಮಚ್ಚೆಯ ಮೇಲ್ಪದರವನ್ನು ಆಮ್ಲದ ಜೆಲ್‌ನಿಂದ ಎರಡು ನಿಮಿಷ ತೆರೆದು, ತೊಳೆದು, ಒಣಗಿಸಿ, ಅದರ ಮೇಲೆ ಒಂದು ಹನಿ ಎಥನಾಲ್ ಬಿಡುತ್ತಾರೆ. ಆ ಹನಿ ರಂಧ್ರಗಳಿಗೆ ಇಳಿಯುತ್ತಿದ್ದಂತೆ ಮಚ್ಚೆ ಕಣ್ಣೆದುರೇ ಮಾಯವಾದರೆ, ಎಥನಾಲ್ ಇದ್ದ ಜಾಗಕ್ಕೆ ನೀರಿನಷ್ಟು ತೆಳುವಾದ ರೆಸಿನ್ ಇಳಿಸಿ ಬೆಳಕಿನಿಂದ ಗಟ್ಟಿ ಮಾಡಿದಾಗಲೂ ಅದು ಹಾಗೆಯೇ ಉಳಿಯುತ್ತದೆ ಎಂದರ್ಥ. ಮಾಯವಾಗದಿದ್ದರೆ ಮಚ್ಚೆ ಆಳವಾಗಿದೆ, ಆಮ್ಲದ ಹಂತವನ್ನು ಇನ್ನೊಮ್ಮೆ ಮಾಡಬೇಕು. ಹೀಗೆ ಮುಂದೆ ಆಗಲಿರುವುದನ್ನು ಮೊದಲೇ ತೋರಿಸಿಕೊಡುವ ಚಿಕಿತ್ಸೆ ಅಪರೂಪ. ಇಲ್ಲಿ ಕೊರೆತವಿಲ್ಲ, ಅರಿವಳಿಕೆಯ ಚುಚ್ಚುಮದ್ದೂ ಬೇಡ.

ನಡುವಿನ ಸಂದನ್ನು ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ರೆಸಿನ್ ಭರ್ತಿಯಿಂದ ಒಂದೇ ಭೇಟಿಯಲ್ಲಿ ಮುಚ್ಚಬಹುದು. ಸಂದು ಸಣ್ಣದಿದ್ದರೆ ಹಲ್ಲನ್ನು ಸವೆಸುವ ಅಗತ್ಯವೇ ಬರುವುದಿಲ್ಲ. ಬ್ಲೀಚಿಂಗ್ ಮುಗಿದು ಎರಡು ವಾರವಾದರೂ ಕಳೆದ ಮೇಲೆಯೇ ಇದನ್ನೂ ಇನ್‌ಫಿಲ್ಟ್ರೇಶನ್ ಅನ್ನೂ ಮಾಡಬೇಕು, ಹಲ್ಲಿನೊಳಗೆ ಉಳಿದ ಆಮ್ಲಜನಕ ಅಂಟು ಹಿಡಿಯಲು ಬಿಡುವುದಿಲ್ಲ, ಹಲ್ಲಿನ ನಿಜವಾದ ಬಣ್ಣ ನೆಲೆನಿಲ್ಲಲೂ ಅಷ್ಟು ಸಮಯ ಬೇಕು. ಕಾಂಪೋಸಿಟ್ ಸಿರಾಮಿಕ್‌ನಷ್ಟು ಬಾಳುವುದಿಲ್ಲ. ಐದಾರು ವರ್ಷಕ್ಕೊಮ್ಮೆ ಪಾಲಿಶ್, ದುರಸ್ತಿ ಬೇಕಾಗುತ್ತದೆ, ಚಹಾ, ಅರಿಶಿನ, ಪುನರ್ಪುಳಿ ಶರಬತ್ತಿನ ಬಣ್ಣವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಆದರೆ ತುಂಡಾದರೆ ಅಲ್ಲೇ ಸೇರಿಸಬಹುದು, ಬೇಡವೆನಿಸಿದರೆ ತೆಗೆಯಬಹುದು, ಕೆಳಗಿನ ಹಲ್ಲು ಹಾಗೆಯೇ ಇರುತ್ತದೆ. ಸಂದು ದೊಡ್ಡದಿದ್ದರೆ ಅಥವಾ ಹಲ್ಲುಗಳು ಸೊಟ್ಟಗಿದ್ದರೆ ಕ್ಲಿಪ್ ಹಾಕಿಸುವುದೇ ಸರಿ. ಸೊಟ್ಟ ಹಲ್ಲನ್ನು ವೆನೀರ್‌ನಿಂದ ನೆಟ್ಟಗೆ ಕಾಣಿಸಲು ಹೋದಾಗಲೇ ಅತಿ ಹೆಚ್ಚು ಎನಾಮಲ್ ನಷ್ಟವಾಗುವುದು.

ಇಷ್ಟೆಲ್ಲ ಆದ ಮೇಲೂ ಪಟ್ಟೆ ಉಳಿದಿದ್ದರೆ, ಅಥವಾ ಎನಾಮಲ್ ಅಲ್ಲಲ್ಲಿ ಕುಳಿಬಿದ್ದು ಕಿತ್ತು ಬಂದಂತಿದ್ದರೆ ವೆನೀರ್ ಸರಿಯಾದ ಉತ್ತರವೇ. ಆಗಲೂ ಮೊದಲು ಮಾಡಿದ ಬ್ಲೀಚಿಂಗ್ ವ್ಯರ್ಥವಾಗುವುದಿಲ್ಲ: ಕೆಳಗಿನ ಹಲ್ಲು ಬೆಳ್ಳಗಾದಷ್ಟೂ ಮೇಲಿನ ಸಿರಾಮಿಕ್ ತೆಳುವಾಗಬಹುದು, ಸವೆಸುವುದು ಕಡಿಮೆಯಾಗುತ್ತದೆ. ಅಂಥ ಸಂದರ್ಭದಲ್ಲಿ ಸವೆಸುವ ಮೊದಲೇ ಮಾಕ್-ಅಪ್ ಮಾಡಿಸಿಕೊಳ್ಳಿ. ಅಚ್ಚಿನ ಮೇಲೆ ಮೇಣದಿಂದ ಹೊಸ ಆಕಾರವನ್ನು ತಿದ್ದಿ, ಅದನ್ನು ತಾತ್ಕಾಲಿಕ ರೆಸಿನ್‌ನಲ್ಲಿ ನಿಮ್ಮ ಹಲ್ಲುಗಳ ಮೇಲೆಯೇ ಕೂರಿಸಿ ತೋರಿಸುತ್ತಾರೆ. ಕುರ್ಚಿಯಲ್ಲಿ ಮಲಗಿಕೊಂಡು ಕೈಗನ್ನಡಿಯಲ್ಲಿ ಮಾತ್ರ ನೋಡಬೇಡಿ. ಎದ್ದು ಕಿಟಕಿಯ ಬಳಿ ನಿಂತು, ಮನೆಯವರೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು ಮಾತನಾಡಿ. ‘ಫೋನ್’, ‘ವಾಸುದೇವ’ ಎನ್ನುವಾಗ ಮೇಲಿನ ಹಲ್ಲಿನ ತುದಿ ಕೆಳತುಟಿಯ ಒಳ ಅಂಚಿಗೆ ಮೆಲ್ಲಗೆ ತಾಗಬೇಕು. ತುಟಿಯನ್ನು ಒತ್ತಿದರೆ ಹಲ್ಲು ಉದ್ದವಾಯಿತು. ‘ಸಾಸಿವೆ’ ಎನ್ನುವಾಗ ಸಿಳ್ಳೆಯಂಥ ಸದ್ದು ಬಂದರೆ ಆಕಾರ ಬದಲಾಗಬೇಕು.

ಬಣ್ಣವನ್ನು ಆರಿಸುವುದು ಚಿಕಿತ್ಸೆಯ ಆರಂಭದಲ್ಲಿ, ಹಗಲು ಬೆಳಕಿನಲ್ಲಿ ಆಗಬೇಕು. ಬಾಯಿ ತೆರೆದು ಹತ್ತು ನಿಮಿಷ ಕುಳಿತರೆ ಹಲ್ಲು ಒಣಗಿ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಗ ಆರಿಸಿದ ಬಣ್ಣ ಮರುದಿನ ಹೊಂದುವುದಿಲ್ಲ. ಹಲ್ಲಿನ ಬಣ್ಣ ಹೋಲಿಸಿ ನೋಡುವ ವೀಟಾ ಶೇಡ್ ಗೈಡ್‌ನಲ್ಲಿ ಸಹಜ ಹಲ್ಲಿನ 16 ಛಾಯೆಗಳಿವೆ. ಅದರಾಚೆಗೆ ಬ್ಲೀಚ್ ಛಾಯೆಗಳೆಂದು ಇನ್ನೂ ಬಿಳಿಯವು ಬರುತ್ತವೆ. ಮದುವೆಯ ಉತ್ಸಾಹದಲ್ಲಿ ಅತಿ ಬಿಳಿಯದನ್ನು ಆರಿಸಿದವರು ಅನೇಕರು ಆಮೇಲೆ ಪಶ್ಚಾತ್ತಾಪಪಡುತ್ತಾರೆ. ಕಣ್ಣಿನ ಬಿಳಿಭಾಗಕ್ಕಿಂತ ಬೆಳ್ಳಗಿರುವ ಹಲ್ಲು ಯಾರ ಮುಖದಲ್ಲೂ ಸಹಜವಾಗಿ ಕಾಣುವುದಿಲ್ಲ. ಸಿರಾಮಿಕ್‌ಗೆ ಬ್ಲೀಚಿಂಗ್ ಹಿಡಿಯುವುದಿಲ್ಲವಾದ್ದರಿಂದ ಒಮ್ಮೆ ಅಂಟಿಸಿದ ಬಣ್ಣವೇ ಕೊನೆ.

ವೆನೀರ್ ಹಾಕಿಸಿಕೊಂಡವರು ಬಿಡಬೇಕಾದ ಅಭ್ಯಾಸಗಳು ನಮ್ಮ ಕರಾವಳಿಯಲ್ಲಿ ಕೆಲವಿವೆ: ಏಡಿಯ ಕಾಲನ್ನು ಮುಂದಿನ ಹಲ್ಲಿನಿಂದ ಒಡೆಯುವುದು, ಒಣ ರೊಟ್ಟಿಯನ್ನೋ ಗಟ್ಟಿ ಚಕ್ಕುಲಿಯನ್ನೋ ಅದರಲ್ಲೇ ಕಚ್ಚಿ ಮುರಿಯುವುದು, ಎಲೆ ಅಡಿಕೆ ಜಗಿಯುವುದು. ಬಟ್ಟೆಯ ದಾರ, ಪ್ಯಾಕೆಟ್‌ನ ಮೂಲೆ, ಉಗುರು ಇವೂ ಸೇರಿ. ನಿದ್ದೆಯಲ್ಲಿ ಹಲ್ಲು ಕಡಿಯುವವರಾದರೆ ರಾತ್ರಿ ಧರಿಸುವ ನೈಟ್ ಗಾರ್ಡ್ ಇಲ್ಲದೆ ವೆನೀರ್ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮದುವೆಗೆ ನಾಲ್ಕು ತಿಂಗಳಿದೆ ಎಂದಿದ್ದೀರಿ. ಪರೀಕ್ಷೆ, ಕ್ಲೀನಿಂಗ್, ಮೈಕ್ರೋಅಬ್ರೇಶನ್ ಮೊದಲ ಎರಡು ಮೂರು ವಾರಗಳಲ್ಲಿ ಮುಗಿಯುತ್ತವೆ. ಬ್ಲೀಚಿಂಗ್‌ಗೆ ಆರೇಳು ವಾರ, ಬಿಡುವಿಗೆ ಎರಡು ವಾರ, ಇನ್‌ಫಿಲ್ಟ್ರೇಶನ್ ಮತ್ತು ಕಾಂಪೋಸಿಟ್‌ಗೆ ಒಂದೆರಡು ಭೇಟಿ. ಆಮೇಲೂ ಮೂರು ನಾಲ್ಕು ವಾರ ಕೈಯಲ್ಲಿರುತ್ತದೆ. ವೆನೀರ್ ದಾರಿಯಲ್ಲಿ ಹೋದರೆ ಇಷ್ಟು ನೆಮ್ಮದಿಯಿಲ್ಲ: ಲ್ಯಾಬ್‌ನಿಂದ ಬಂದ ಸಿರಾಮಿಕ್ ಹೊಂದದಿದ್ದರೆ ಮತ್ತೆ ಮಾಡಿಸಬೇಕು, ಅಷ್ಟು ದಿನ ತಾತ್ಕಾಲಿಕ ವೆನೀರ್‌ನಲ್ಲಿ ಇರಬೇಕು, ಅದಕ್ಕೆ ಸಾರಿನ ಅರಿಶಿನ ಹಿಡಿದು ಹಳದಿಯಾಗುತ್ತದೆ. ಸವೆಸಿದ ಹಲ್ಲು ಜುಮ್ಮೆನ್ನುತ್ತಿರುವಾಗ ಮದುವೆಯ ಓಡಾಟ ಯಾರಿಗೂ ಬೇಡ. ಸಿರಾಮಿಕ್ ಬೇಕೇ ಎಂಬ ಪ್ರಶ್ನೆಯನ್ನು ಮದುವೆಯಾಗಿ ಆರು ತಿಂಗಳ ನಂತರ, ದಿನಾಂಕದ ಒತ್ತಡವಿಲ್ಲದೆ, ಮತ್ತೆ ಎತ್ತಿಕೊಳ್ಳಿ.

ಎರಡನೆಯ ಅಭಿಪ್ರಾಯಕ್ಕೆ ನೀವು ದೂರ ಹೋಗಬೇಕಾಗಿಲ್ಲ. 1965ರಲ್ಲಿ ಆರಂಭವಾದ ಮಣಿಪಾಲದ ದಂತವೈದ್ಯಕೀಯ ಕಾಲೇಜು ನಿಮ್ಮ ಮನೆಯ ಹತ್ತಿರವೇ ಇದೆ. ಮಂಗಳೂರಿನಲ್ಲಿ ಅದೇ ಸಂಸ್ಥೆಯ ಇನ್ನೊಂದು ಕಾಲೇಜು, ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ ಕಾಲೇಜುಗಳಿವೆ. ಕನ್ಸರ್ವೇಟಿವ್ ಡೆಂಟಿಸ್ಟ್ರಿ (ಇರುವ ಹಲ್ಲನ್ನು ಉಳಿಸಿ ಸರಿಪಡಿಸುವುದು), ಪ್ರಾಸ್ತೋಡಾಂಟಿಕ್ಸ್ (ಕ್ಯಾಪ್, ಕೃತಕ ಹಲ್ಲು), ಆರ್ಥೋಡಾಂಟಿಕ್ಸ್ (ಕ್ಲಿಪ್ ಹಾಕಿ ಹಲ್ಲು ಸರಿಸುವುದು) ವಿಭಾಗಗಳು ಒಂದೇ ಕಟ್ಟಡದಲ್ಲಿ ಸಿಗುವುದು ಇಂಥ ಕಡೆಯ ದೊಡ್ಡ ಅನುಕೂಲ. ಒಬ್ಬರು ಸವೆಸಬೇಕೆಂದರೆ ಇನ್ನೊಬ್ಬರು ಸರಿಸಬಹುದಲ್ಲ ಎನ್ನುತ್ತಾರೆ, ಆ ಚರ್ಚೆ ನಿಮ್ಮೆದುರೇ ನಡೆಯಲಿ. ಖಾಸಗಿ ಕ್ಲಿನಿಕ್‌ನಲ್ಲೇ ಮಾಡಿಸುವುದಾದರೂ ಸರಿ, ಕೈಯಿಡುವವರು ರಾಜ್ಯ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಾಯಿತ ದಂತವೈದ್ಯರೇ ಎಂದು ಖಚಿತಪಡಿಸಿಕೊಳ್ಳಿ. ಬ್ಯೂಟಿ ಪಾರ್ಲರುಗಳಲ್ಲಿ ಹಲ್ಲಿಗೆ ಸಿಪ್ಪೆ ಅಂಟಿಸುವವರ ಹತ್ತಿರ ಸುಳಿಯಬೇಡಿ. ನಿಮ್ಮ ವೈದ್ಯರು ತಾವೇ ಮಾಡಿದ ಚಿಕಿತ್ಸೆಗಳ ಐದು ವರ್ಷದ ನಂತರದ ಫೋಟೊ ಇದ್ದರೆ ತೋರಿಸಲು ಕೇಳಿ. ಅಂಟಿಸಿದ ದಿನದ ಫೋಟೊದಲ್ಲಿ ಎಲ್ಲ ವೆನೀರ್‌ಗಳೂ ಚೆನ್ನಾಗಿಯೇ ಇರುತ್ತವೆ.

ಕೊಟ್ಟ ಮುಂಗಡದ ಕಾರಣಕ್ಕೆ ಹಲ್ಲು ಸವೆಸಿಕೊಳ್ಳಬೇಡಿ. ನಾಳೆಯೇ ಕ್ಲಿನಿಕ್‌ಗೆ ಕರೆ ಮಾಡಿ, ವೆನೀರ್ ಸದ್ಯಕ್ಕೆ ಬೇಡ, ಮೊದಲು ಮೈಕ್ರೋಅಬ್ರೇಶನ್ ಮತ್ತು ಬ್ಲೀಚಿಂಗ್ ಮಾಡಿಕೊಡಲು ಸಾಧ್ಯವೆ ಎಂದು ಕೇಳಿ. ಒಪ್ಪಿದರೆ ಮುಂಗಡ ಅದಕ್ಕೇ ಸಲ್ಲುತ್ತದೆ, ಅದೇ ಕ್ಲಿನಿಕ್‌ನಲ್ಲಿ ಮುಂದುವರಿಯಲು ಅಡ್ಡಿಯಿಲ್ಲ. ಒಪ್ಪದಿದ್ದರೆ ಹಣದ ರಸೀದಿಯೊಂದಿಗೆ ಅವರು ತೆಗೆದ ಎಕ್ಸ್-ರೇ, ಫೋಟೊ, ಹಲ್ಲಿನ ಅಚ್ಚುಗಳನ್ನು ಕೇಳಿ ಪಡೆದುಕೊಂಡು ಮಣಿಪಾಲಕ್ಕೋ ದೇರಳಕಟ್ಟೆಗೋ ಹೋಗಿ. ಹೋಗುವಾಗ ಬಾಲ್ಯದಲ್ಲಿ ಕುಡಿದ ನೀರಿನ ವಿಷಯವನ್ನೂ ತಪ್ಪದೆ ಹೇಳಿ, ಯಾಕೆಂದರೆ ಕರಾವಳಿಯಲ್ಲಿ ಅಭ್ಯಾಸ ಮಾಡುವ ವೈದ್ಯರಿಗೆ ಫ್ಲೋರೋಸಿಸ್ ದಿನವೂ ಎದುರಾಗುವ ರೋಗವಲ್ಲ, ಮತ್ತು ಅಂಟಿಸುವ ಕ್ರಮವನ್ನು ನಿರ್ಧರಿಸಲು ಆ ಮಾಹಿತಿ ಅವರಿಗೆ ಬೇಕಾಗುತ್ತದೆ.